‘ಮೊದಲ ಮುಖ್ಯಮಂತ್ರಿ’ ಎಂದು ಬರೆಯಬಹುದೇ? ನಿಜಲಿಂಗಪ್ಪನವರ ಬದುಕಿನ ಬಗ್ಗೆ ಒಬ್ಬ ಶಿಕ್ಷಕಿಯ ಪ್ರಶ್ನೆ

ಪ್ರಶ್ನೆ: ನಾನು ಚಿತ್ರದುರ್ಗ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಡಿಸೆಂಬರ್ 10 ಎಸ್. ನಿಜಲಿಂಗಪ್ಪನವರ ಜನ್ಮದಿನ. ಅಂದು ಶಾಲೆಯ ಗೋಡೆಗೆ ಅವರ ಜೀವನದ ಫಲಕವೊಂದನ್ನು ಹಾಕಬೇಕೆಂದಿದ್ದೇವೆ. ಜೊತೆಗೆ ಮಕ್ಕಳೇ ತಯಾರಿಸುವ ಇಪ್ಪತ್ತನಾಲ್ಕು ಪುಟದ ಕಿರುಹೊತ್ತಿಗೆಯೂ ಇರುತ್ತದೆ. ಮಕ್ಕಳು ತಂದ ಮಾಹಿತಿ ಒಂದಕ್ಕೊಂದು ಹೊಂದುತ್ತಿಲ್ಲ. ಒಂದರಲ್ಲಿ ‘ಕರ್ನಾಟಕದ ಮೊದಲ ಮುಖ್ಯಮಂತ್ರಿ’ ಎಂದಿದೆ, ಇನ್ನೊಂದರಲ್ಲಿ ಆ ಜಾಗದಲ್ಲಿ ಕೆ.ಸಿ. ರೆಡ್ಡಿಯವರ ಹೆಸರಿದೆ. ಹುಟ್ಟಿದ ಜಿಲ್ಲೆ ಮೂರು ಕಡೆ ಮೂರು ಥರ ಇದೆ. 1939ರ ಅರಣ್ಯ ಸತ್ಯಾಗ್ರಹದ ಬಗ್ಗೆ ‘ತುರುವನೂರಿನಲ್ಲಿ ಬ್ರಿಟಿಷರ ಕಾಡು ಕಡಿದರು’ ಎಂದು ಒಬ್ಬ ಹುಡುಗ ಬರೆದಿದ್ದಾನೆ. ಊರಿನ ಹಿರಿಯರೊಬ್ಬರು ತಮ್ಮ ತಂದೆಯೂ ಆ ಸತ್ಯಾಗ್ರಹದಲ್ಲಿ ಜೈಲಿಗೆ ಹೋಗಿದ್ದರು, ಅವರ ಹೆಸರನ್ನೂ ಸೇರಿಸಿ ಎನ್ನುತ್ತಾರೆ. ಆದರೆ ಪಿಂಚಣಿ ಪಟ್ಟಿಯಲ್ಲಿ ಆ ಹೆಸರಿಲ್ಲ. ಕೊನೆಯದಾಗಿ, ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಉಚ್ಚಾಟಿಸಿದ ವಿಷಯ. ಮುಖ್ಯೋಪಾಧ್ಯಾಯರು ‘ಅದು ರಾಜಕೀಯ, ಬಿಟ್ಟುಬಿಡಿ’ ಎನ್ನುತ್ತಿದ್ದಾರೆ. ಬಿಡುವುದು ಸರಿಯೇ?

ಉತ್ತರ: ಫಲಕ ಒಮ್ಮೆ ಗೋಡೆ ಏರಿದರೆ ಹತ್ತು ವರ್ಷ ಅಲ್ಲೇ ಇರುತ್ತದೆ, ಮಕ್ಕಳು ಅದನ್ನೇ ನೋಡಿ ಪರೀಕ್ಷೆಯಲ್ಲಿ ಬರೆಯುತ್ತಾರೆ. ಆದ್ದರಿಂದ ನಿಮ್ಮ ಆತಂಕ ಸಹಜ. ನೀವು ಕೇಳಿದ ಐದು ಗೊಂದಲಗಳಲ್ಲಿ ಮೂರು ಕೇವಲ ಪದಗಳ ಗೊಂದಲ, ಇಸವಿಗಳನ್ನು ಸಾಲಾಗಿ ಇಟ್ಟರೆ ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಪಿಂಚಣಿ ಪಟ್ಟಿಯದು ಮತ್ತು 1969ರದು ಹಾಗಲ್ಲ. ಅವೆರಡಕ್ಕೆ ಹೆಚ್ಚು ಜಾಗ ಕೊಡುತ್ತೇನೆ.

ಮೊದಲು ‘ಮೊದಲ ಮುಖ್ಯಮಂತ್ರಿ’. ನಿಮ್ಮ ಮಕ್ಕಳು ತಂದ ಎರಡು ಉತ್ತರಗಳಲ್ಲೂ ಸತ್ಯವಿದೆ. ಮೂರನೆಯ ಉತ್ತರವೂ ಒಂದಿದೆ, ಅದು ನಿಮ್ಮ ಕೈಗೆ ಬಂದಿಲ್ಲ ಅಷ್ಟೆ. 1947ರ ಸೆಪ್ಟೆಂಬರಿನಲ್ಲಿ, ಸಂಸ್ಥಾನದಲ್ಲಿ ಜನರ ಸರ್ಕಾರ ಬೇಕೆಂದು ‘ಮೈಸೂರು ಚಲೋ’ ಚಳವಳಿ ನಡೆಯಿತು. ಅದರ ಫಲವಾಗಿ ಅಕ್ಟೋಬರಿನಲ್ಲಿ ಕೆ. ಚೆಂಗಲರಾಯ ರೆಡ್ಡಿಯವರ ಮಂತ್ರಿಮಂಡಲ ಬಂತು. ಅವರು ಹಳೆಯ ಮೈಸೂರು ಸಂಸ್ಥಾನದ, ಆಮೇಲೆ ಅದೇ ಗಡಿಯ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿ. ಅವರ ನಂತರ 1952ರಲ್ಲಿ ಕೆಂಗಲ್ ಹನುಮಂತಯ್ಯ, 1956ರ ಆಗಸ್ಟ್‌ನಿಂದ ಅಕ್ಟೋಬರ್ ಕೊನೆಯವರೆಗೆ ಕಡಿದಾಳ್ ಮಂಜಪ್ಪ. 1956ರ ನವೆಂಬರ್ 1ರಂದು ಮುಂಬೈ ಪ್ರಾಂತ್ಯದ ಕನ್ನಡ ಜಿಲ್ಲೆಗಳು, ಹೈದರಾಬಾದ್ ಕರ್ನಾಟಕ, ದಕ್ಷಿಣ ಕನ್ನಡ, ಕೊಳ್ಳೇಗಾಲ ಮತ್ತು ಕೊಡಗು ಸೇರಿ 19 ಜಿಲ್ಲೆಗಳ ಹೊಸ ರಾಜ್ಯವಾಯಿತು. ಅಂದು ಅದರ ಚುಕ್ಕಾಣಿ ಹಿಡಿದವರು ನಿಜಲಿಂಗಪ್ಪ. ಆ ರಾಜ್ಯದ ಹೆಸರು ಆಗಲೂ ‘ಮೈಸೂರು’. ‘ಕರ್ನಾಟಕ’ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು, ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ. ಬರೀ ‘ಕರ್ನಾಟಕದ ಮೊದಲ ಮುಖ್ಯಮಂತ್ರಿ’ ಎಂದು ಬರೆದರೆ ಮೂವರ ಅಭಿಮಾನಿಗಳೂ ಜಗಳಕ್ಕೆ ಬರಬಹುದು, ಮೂವರ ಕೈಯಲ್ಲೂ ಆಧಾರವಿರುತ್ತದೆ. ‘1956ರಲ್ಲಿ ಏಕೀಕರಣಗೊಂಡ ರಾಜ್ಯದ ಮೊದಲ ಮುಖ್ಯಮಂತ್ರಿ’ ಎಂದು ಬರೆಯಿರಿ. ಅದರಲ್ಲಿ ತಪ್ಪು ಹಿಡಿಯಲು ಯಾರಿಂದಲೂ ಆಗದು.

‘ಎಷ್ಟು ಬಾರಿ ಮುಖ್ಯಮಂತ್ರಿ’ ಎಂಬ ಲೆಕ್ಕಕ್ಕೂ ಕೈಹಾಕಬೇಡಿ. ಚುನಾವಣೆಯ ನಂತರ ಮತ್ತೆ ಪ್ರಮಾಣವಚನ ತೆಗೆದುಕೊಂಡದ್ದನ್ನು ಕೆಲವರು ಬೇರೆ ಅವಧಿಯೆಂದು ಎಣಿಸುತ್ತಾರೆ, ಕೆಲವರು ಎಣಿಸುವುದಿಲ್ಲ. ಅವಧಿಯನ್ನೇ ಕೊಡಿ: 1956ರ ನವೆಂಬರ್‌ನಿಂದ 1958ರ ಮೇವರೆಗೆ, ಮತ್ತೆ 1962ರ ಜೂನ್‌ನಿಂದ 1968ರ ಮೇವರೆಗೆ. ನಡುವೆ ಬಿ.ಡಿ. ಜತ್ತಿ, ಆಮೇಲೆ ಮೂರು ತಿಂಗಳು ಎಸ್.ಆರ್. ಕಂಠಿ.

ಹುಟ್ಟಿದ ಜಿಲ್ಲೆಯ ವಿಷಯದಲ್ಲಿ ಮಕ್ಕಳನ್ನು ಬೈಯಬೇಡಿ, ಊರೇ ಜಿಲ್ಲೆ ಬದಲಿಸಿದೆ. ನಿಜಲಿಂಗಪ್ಪನವರು 1902ರ ಡಿಸೆಂಬರ್ 10ರಂದು ಹುಟ್ಟಿದ್ದು ಹರಪನಹಳ್ಳಿ ತಾಲ್ಲೂಕಿನ ಹಲುವಾಗಲಿನಲ್ಲಿ. ಆಗ ಅದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. 1953ರ ಅಕ್ಟೋಬರ್ 1ರಂದು ಬಳ್ಳಾರಿಯ ಏಳು ತಾಲ್ಲೂಕುಗಳು ಮೈಸೂರಿಗೆ ಸೇರಿದವು. 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿದಾಗ ಹರಪನಹಳ್ಳಿ ಅಲ್ಲಿಗೆ ಹೋಯಿತು, ಆಮೇಲೆ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ನಿಮ್ಮ ಮಕ್ಕಳು ತಂದ ಮೂರೂ ಉತ್ತರಗಳು ಯಾವುದೋ ಒಂದು ಕಾಲಕ್ಕೆ ಸರಿಯೇ. ಫಲಕದಲ್ಲಿ ‘ಅಂದಿನ ಬಳ್ಳಾರಿ, ಇಂದಿನ ವಿಜಯನಗರ ಜಿಲ್ಲೆ’ ಎಂದಿರಲಿ. ಹೆಸರಿನ ಹಿಂದಿನ ‘ಎಸ್’ ಸಿದ್ಧವನಹಳ್ಳಿ. ಅದು ಹುಟ್ಟೂರಲ್ಲ, ಇದನ್ನೂ ಮಕ್ಕಳು ಬೆರೆಸಿಬಿಡುತ್ತಾರೆ.

ಈ ಗಡಿಗಳ ವಿಷಯಕ್ಕೆ ಫಲಕದಲ್ಲಿ ಒಂದು ಸಾಲು ಸಾಕು, ತರಗತಿಯಲ್ಲಿ ಮಾತ್ರ ಒಂದು ಪೂರ್ತಿ ಪೀರಿಯಡ್ ಕೊಡಿ. ಹುಟ್ಟಿದ್ದು ಮದ್ರಾಸ್ ಪ್ರಾಂತ್ಯದಲ್ಲಿ. ಓದಿದ್ದು ದಾವಣಗೆರೆ, ಚಿತ್ರದುರ್ಗ, ಬೆಂಗಳೂರಿನ ಸೆಂಟ್ರಲ್ ಕಾಲೇಜು ಎಂದು ಮೈಸೂರು ಸಂಸ್ಥಾನದಲ್ಲಿ. ಕಾನೂನು ಪದವಿ ಮುಂಬೈ ಪ್ರಾಂತ್ಯದ ಪುಣೆಯಲ್ಲಿ. ವಕೀಲಿ ಮತ್ತೆ ಚಿತ್ರದುರ್ಗದಲ್ಲಿ. ಕನ್ನಡನಾಡು ಹರಿದು ಹಂಚಿಹೋಗಿದೆ ಎಂಬುದು ಅವರಿಗೆ ಭಾಷಣದಿಂದ ತಿಳಿಯಬೇಕಾದ ಸಂಗತಿಯಾಗಿರಲಿಲ್ಲ, ಓದಿಗೆ ಊರು ಬಿಟ್ಟಾಗಲೆಲ್ಲ ಒಂದೊಂದು ಗಡಿ ದಾಟಿದ್ದರು. ಮೈಸೂರು ಕಾಂಗ್ರೆಸ್ಸು ಬೇರೆ, ಕರ್ನಾಟಕ ಪ್ರಾಂತ ಕಾಂಗ್ರೆಸ್ ಸಮಿತಿ ಬೇರೆ ಎಂದಿದ್ದ ಕಾಲದಲ್ಲಿ ಎರಡರಲ್ಲೂ ಅಧ್ಯಕ್ಷರಾದರು. ಅದಕ್ಕೂ ಈ ಹಿನ್ನೆಲೆಗೂ ಸಂಬಂಧವಿದೆ ಎಂದೇ ನನ್ನ ಎಣಿಕೆ.

ಈಗ ತುರುವನೂರು. ‘ಬ್ರಿಟಿಷರ ಕಾಡು’ ಎಂಬುದನ್ನು ತಿದ್ದಲೇಬೇಕು. 1939ರ ಸೆಪ್ಟೆಂಬರಿನಲ್ಲಿ ಅಲ್ಲಿ ಕಡಿದದ್ದು ಈಚಲು ಮರ, ಅದು ಮೈಸೂರು ಸಂಸ್ಥಾನದ ಸ್ವತ್ತು. ಆಗ ದೊರೆ ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನರು ಮಿರ್ಜಾ ಇಸ್ಮಾಯಿಲ್. ಬ್ರಿಟಿಷರ ನೇರ ಆಳ್ವಿಕೆಯಿದ್ದ ಧಾರವಾಡದಲ್ಲೋ ಮಂಗಳೂರಿನಲ್ಲೋ ಹೋರಾಟದ ಗುರಿ ಒಂದು, ಮೈಸೂರಿನಲ್ಲಿ ಇನ್ನೊಂದು. ಇಲ್ಲಿ ಕೇಳುತ್ತಿದ್ದುದು ‘ಜವಾಬ್ದಾರಿ ಸರ್ಕಾರ’. ಅಂದರೆ ಮಂತ್ರಿಗಳು ದೊರೆಗೆ ಉತ್ತರ ಹೇಳಿದರೆ ಸಾಲದು, ಜನ ಆರಿಸಿದ ಸಭೆಗೆ ಹೇಳಬೇಕು ಎಂಬ ಬೇಡಿಕೆ. 1938ರ ಹರಿಪುರ ಅಧಿವೇಶನದಲ್ಲಿ ಕಾಂಗ್ರೆಸ್ಸು ಸಂಸ್ಥಾನಗಳ ಹೋರಾಟವನ್ನು ಆಯಾ ಸಂಸ್ಥಾನದ ಜನರೇ ನಡೆಸಬೇಕೆಂದು ನಿರ್ಣಯಿಸಿತ್ತು. ಆ ವರ್ಷ ಏಪ್ರಿಲ್‌ನಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ ನಡೆಯಿತು, ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಗೋಲಿಬಾರಾಯಿತು. ಮರುವರ್ಷದ ಅರಣ್ಯ ಸತ್ಯಾಗ್ರಹ ಇದೇ ಸರಣಿಯ ಮುಂದುವರಿಕೆ.

ಏಕೆ ಈಚಲು ಮರವೇ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಈಚಲಿನಿಂದ ಹೆಂಡ ಇಳಿಸುತ್ತಿದ್ದರು. ಹೆಂಡದ ಗುತ್ತಿಗೆ ಹರಾಜಿನಿಂದ ಸರ್ಕಾರಕ್ಕೆ ಅಬಕಾರಿ ಹಣ ಬರುತ್ತಿತ್ತು. ಆ ಮರಕ್ಕೆ ಕೊಡಲಿ ಹಾಕಿದರೆ ಒಂದೇ ಏಟಿಗೆ ಮೂರು ಕೆಲಸ: ಅರಣ್ಯ ಕಾನೂನಿನ ಭಂಗ, ಸರ್ಕಾರದ ಆದಾಯಕ್ಕೆ ಪೆಟ್ಟು, ಗಾಂಧೀಜಿಯ ಪಾನನಿರೋಧದ ಪ್ರಚಾರ. ಕರಾವಳಿಯಲ್ಲಿ ಉಪ್ಪು ಮಾಡಿದ ಹಾಗೆ ಬಯಲುಸೀಮೆಯಲ್ಲಿ ಈಚಲು ಕಡಿಯುವುದು, ಏಕೆಂದರೆ ಇಲ್ಲಿ ಕೈಗೆ ಸಿಗುವುದೇ ಅದು. ಹಳ್ಳದ ದಂಡೆಯಲ್ಲಿ, ಕೆರೆಯ ಅಂಗಳದಲ್ಲಿ ಮುಳ್ಳುಗರಿ ಹೊತ್ತು ನಿಂತ ಗಿಡ. ನಿಮ್ಮ ಶಾಲೆಯ ಸುತ್ತಲೂ ಇದ್ದೀತು. ಮಕ್ಕಳನ್ನು ಕರೆದುಕೊಂಡು ಹೋಗಿ ಒಂದನ್ನು ತೋರಿಸಿ. ಒಂದು ವಿಷಯವನ್ನು ಮಾತ್ರ ಜೊತೆಗೇ ಹೇಳಿ: ನಿಜಲಿಂಗಪ್ಪನವರಂಥ ವಕೀಲರೊಬ್ಬರು ಕಾನೂನು ಮುರಿದು ಜೈಲಿಗೆ ಹೋಗುವುದೆಂದರೆ ತಾನು ಅನ್ನ ಸಂಪಾದಿಸುವ ಸನ್ನದನ್ನೇ ಪಣಕ್ಕಿಟ್ಟ ಹಾಗೆ. ಉಳಿದವರಿಗೆ ಶಿಕ್ಷೆ ಮುಗಿದರೆ ಮುಗಿಯಿತು, ವಕೀಲರಿಗೆ ಆಮೇಲೆ ಕೋರ್ಟಿನ ಬಾಗಿಲೇ ಮುಚ್ಚಬಹುದಿತ್ತು.

ಇದೇ ಹೊತ್ತಿಗೆ ನಿಮ್ಮೂರಿನ ಹಿರಿಯರ ಮಾತಿಗೆ ಬರುತ್ತೇನೆ. ಪಿಂಚಣಿ ಪಟ್ಟಿಯಲ್ಲಿ ಹೆಸರಿಲ್ಲ ಎಂದ ಮಾತ್ರಕ್ಕೆ ಅವರ ತಂದೆ ಸತ್ಯಾಗ್ರಹದಲ್ಲಿ ಇರಲಿಲ್ಲ ಎಂದಾಗುವುದಿಲ್ಲ. ಈ ತಪ್ಪು ತೀರ್ಮಾನ ಬಹಳ ಕಡೆ ಆಗುತ್ತದೆ, ಎಷ್ಟೋ ಮನೆಯವರು ಇದರಿಂದ ನೊಂದುಕೊಳ್ಳುತ್ತಾರೆ. ಕೇಂದ್ರದ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಶುರುವಾದದ್ದು 1972ರ ಆಗಸ್ಟ್ 15ರಂದು, ಸ್ವಾತಂತ್ರ್ಯದ ರಜತ ವರ್ಷದಲ್ಲಿ. ತಾಮ್ರಪತ್ರ ಕೊಟ್ಟದ್ದೂ ಆ ವರ್ಷವೇ. ಪಿಂಚಣಿಗೆ ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳ ಸೆರೆವಾಸ ಬೇಕಿತ್ತು. ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಮೂರು ತಿಂಗಳು. ಒಂದು ತಿಂಗಳೋ ಎರಡು ತಿಂಗಳೋ ಒಳಗಿದ್ದು ಬಂದವರು ಆ ಲೆಕ್ಕಕ್ಕೆ ಬರುವುದೇ ಇಲ್ಲ. ದಂಡ ಕಟ್ಟಿ ಬಂದವರು, ಪೊಲೀಸರು ದೂರದ ಕಾಡಿಗೆ ಒಯ್ದು ಬಿಟ್ಟುಬಂದವರು ಬರುವುದಿಲ್ಲ. ‘ದೇಶಕ್ಕೆ ಮಾಡಿದ್ದಕ್ಕೆ ದುಡ್ಡು ಬೇಡ’ ಎಂದು ಅರ್ಜಿಯನ್ನೇ ಹಾಕದವರೂ ಇದ್ದರು.

ಹಾಗೆಂದು ಹೇಳಿದ್ದನ್ನೆಲ್ಲ ಹಾಗೇ ಬರೆಯುವುದೂ ಅಪಾಯ. ಎಪ್ಪತ್ತು ಎಂಬತ್ತು ವರ್ಷ ಕಳೆದ ನೆನಪಿನಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟು ಒಂದೇ ಬಗೆಯದು: 1939ರ ಅರಣ್ಯ ಸತ್ಯಾಗ್ರಹ, 1942ರ ಚಲೇಜಾವ್, 1947ರ ಮೈಸೂರು ಚಲೋ ಮೂರೂ ಸೇರಿ ಒಂದೇ ಕಥೆಯಾಗಿರುತ್ತವೆ. ಇಸವಿ ಕೇಳಬೇಡಿ, ಹೇಳುವವರಿಗೆ ಅದು ತಿಳಿದಿರುವುದಿಲ್ಲ, ಕೇಳಿದರೆ ತೋಚಿದ್ದು ಹೇಳುತ್ತಾರೆ. ಅದರ ಬದಲು ಸುತ್ತಣ ಗುರುತು ಕೇಳಿ. ಆಗ ದೊರೆ ಯಾರು? ನಾಲ್ವಡಿಯವರು ತೀರಿಕೊಂಡದ್ದು 1940ರ ಆಗಸ್ಟ್ 3. ಅವರು ಇದ್ದಾಗಲೇ ಎಂದರೆ 1939 ಆಗಬಹುದು. ಕಡಿದದ್ದು ಏನು, ಈಚಲೋ ತಂತಿ ಕಂಬವೋ? ತಂತಿ ಕಂಬವಾದರೆ ಹೆಚ್ಚಾಗಿ 1942. ಕಾಲೇಜು ಬಿಟ್ಟು ಬಂದ ಹುಡುಗರು, ಕಚೇರಿಗಳ ಮುಂದೆ ಧರಣಿ, ‘ಸ್ವಾತಂತ್ರ್ಯ ಬಂದಮೇಲೂ’ ಎಂಬ ಮಾತು ಬಂದರೆ 1947. ಆಮೇಲೆ ಮನೆಯ ಹಳೆಯ ಟ್ರಂಕಿನಲ್ಲಿ ಕಾಗದ ಹುಡುಕಲು ಹೇಳಿ. ಜೈಲಿನಿಂದ ಬಂದ ಬಿಡುಗಡೆ ಚೀಟಿ, ಜೊತೆಯಲ್ಲಿದ್ದವರು ಕೊಟ್ಟ ಸಹಕೈದಿ ಪ್ರಮಾಣಪತ್ರ, ತಿರಸ್ಕೃತವಾದ ಪಿಂಚಣಿ ಅರ್ಜಿ. ಈ ಮೂರನೆಯದನ್ನು ಮನೆಯವರು ನಾಚಿಕೆಯಿಂದ ಮುಚ್ಚಿಡುತ್ತಾರೆ, ಆದರೆ ಹೆಚ್ಚು ವಿವರ ಇರುವುದು ಅದರಲ್ಲೇ: ಬಂಧನದ ದಿನ, ಜೈಲು, ಶಿಕ್ಷೆಯ ಅವಧಿ ಎಲ್ಲವನ್ನೂ ಅರ್ಜಿದಾರರೇ ತುಂಬಿರುತ್ತಾರೆ. ಮುಂದಿನ ಮೆಟ್ಟಿಲು ಬೆಂಗಳೂರಿನ ರಾಜ್ಯ ಪತ್ರಾಗಾರ. ಅಲ್ಲಿಗೆ ಹೋಗುವಾಗ ಹೆಸರು ಒಂದನ್ನೇ ಹಿಡಿದು ಹೋದರೆ ಕೆಲಸ ಆಗುವುದಿಲ್ಲ. ತಂದೆಯ ಹೆಸರು, ಊರು, ಅಂದಾಜು ತಿಂಗಳು ಬೇಕು. ಒಂದೇ ಹೋಬಳಿಯಲ್ಲಿ ಹತ್ತು ಜನ ತಿಪ್ಪೇಸ್ವಾಮಿಗಳು ಇರುತ್ತಾರೆ.

ಕಾಗದ ಸಿಕ್ಕರೆ ಫಲಕದಲ್ಲಿ ಹೆಸರು ಹಾಕಿ. ಸಿಗದಿದ್ದರೆ ಕಿರುಹೊತ್ತಿಗೆಯಲ್ಲಿ ಹಾಕಿ, ‘ಮಗ ಹೇಳಿದಂತೆ’ ಎಂಬ ಎರಡು ಪದದ ಜೊತೆಗೆ. ಇದು ಅವಮಾನವಲ್ಲ, ಯಾರು ಹೇಳಿದ್ದು ಎಂಬ ಗುರುತು ಅಷ್ಟೆ. ಹಿರಿಯರಿಗೆ ಇದನ್ನು ಮೊದಲೇ ಕೂತು ತಿಳಿಸಿಹೇಳಿ. ಅಚ್ಚಾದ ಮೇಲೆ ನೋಡಿದರೆ ಬೇಸರವಾಗುತ್ತದೆ.

ಏಕೀಕರಣದ ಭಾಗ ಬರೆಯುವಾಗ ಬಿರುದುಗಳಿಂದ ದೂರ ಇರಿ. ‘ಏಕೀಕರಣದ ರೂವಾರಿ’ ಎಂದು ಒಬ್ಬರನ್ನೇ ಕರೆದರೆ ಆಲೂರು ವೆಂಕಟರಾಯರಿಂದ ಹಿಡಿದು ಎಷ್ಟೋ ಮಂದಿ ಅಳಿಸಿಹೋಗುತ್ತಾರೆ. ಹನುಮಂತಯ್ಯನವರನ್ನೂ ಮರೆಯುವ ಹಾಗಿಲ್ಲ. ಹಳೇ ಮೈಸೂರಿನ ಅನೇಕರು ಏಕೀಕರಣ ಬೇಡವೆನ್ನುತ್ತಿದ್ದಾಗ, ಸ್ವಂತ ನೆಲೆಯಲ್ಲೇ ವಿರೋಧ ಕಟ್ಟಿಕೊಂಡು ಅವರು ಪರವಾಗಿ ನಿಂತರು. ನಿಜಲಿಂಗಪ್ಪನವರ ಪಾತ್ರ ಸಂಘಟನೆಯದು. 1946ರಿಂದ ಪ್ರಾಂತ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ, ಸಂವಿಧಾನ ಸಭೆಯ ಸದಸ್ಯರಾಗಿ, 1952ರಿಂದ ಚಿತ್ರದುರ್ಗದ ಲೋಕಸಭಾ ಸದಸ್ಯರಾಗಿ ದೆಹಲಿಯಲ್ಲಿ ಪಟ್ಟುಬಿಡದೆ ಕೇಳಿದವರು. ಆದರೆ ಪಕ್ಷದ ಶಿಸ್ತು ಮೀರಿ ಬೀದಿಗಿಳಿದವರಲ್ಲ. ಇದರ ಬೆಲೆಯನ್ನೂ ತೆತ್ತರು: 1953ರ ಏಪ್ರಿಲ್‌ನಲ್ಲಿ ಅದರಗುಂಚಿ ಶಂಕರಗೌಡ ಪಾಟೀಲರು ಏಕೀಕರಣಕ್ಕಾಗಿ ಉಪವಾಸ ಕೂತಾಗ ಹುಬ್ಬಳ್ಳಿಯಲ್ಲಿ ಜನ ರೊಚ್ಚಿಗೆದ್ದದ್ದು ಪ್ರಾಂತ ಕಾಂಗ್ರೆಸ್ಸಿನ ಮೇಲೆಯೇ. ಈ ಸಂಘಟನೆಯ ಸ್ವಭಾವವನ್ನು ಗಮನದಲ್ಲಿಟ್ಟುಕೊಳ್ಳಿ, 1969ನ್ನು ಅರ್ಥಮಾಡಿಕೊಳ್ಳಲು ಬೇಕಾಗುತ್ತದೆ.

ಮುಖ್ಯಮಂತ್ರಿಯಾಗಿ ಏನು ಮಾಡಿದರು ಎಂಬ ಪಟ್ಟಿಯಲ್ಲಿ ಮಕ್ಕಳು ಅಣೆಕಟ್ಟು, ಕಾಯ್ದೆ, ವಿಶ್ವವಿದ್ಯಾಲಯ ಎಲ್ಲವನ್ನೂ ಸುರಿದಿರುತ್ತಾರೆ. ಪ್ರತಿ ಕೆಲಸಕ್ಕೂ ಒಂದು ಪ್ರಶ್ನೆ ಕೇಳಿ: ಅವರ ಕಾಲದಲ್ಲಿ ಆದದ್ದು ಶಂಕುಸ್ಥಾಪನೆಯೋ, ಮಂಜೂರಾತಿಯೋ, ಜಾರಿಯೋ, ಪೂರ್ಣಗೊಂಡದ್ದೋ? ಆಲಮಟ್ಟಿಗೆ 1964ರ ಮೇ ತಿಂಗಳಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದರು, ಆಗ ನಿಜಲಿಂಗಪ್ಪ ಮುಖ್ಯಮಂತ್ರಿ. ಆದರೆ ಅಣೆಕಟ್ಟು ಮುಗಿಯಲು ದಶಕಗಳೇ ಹಿಡಿದವು. ಭೂಸುಧಾರಣಾ ಕಾಯ್ದೆ 1961ರದು, ಅಂದರೆ ಜತ್ತಿಯವರ ಕಾಲದ್ದು. ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು ನಿಜಲಿಂಗಪ್ಪನವರ ಕಾಲದಲ್ಲಿ. ಬೆಂಗಳೂರು ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ ಎರಡೂ 1964. ಟಿಬೆಟನ್ನರಿಗೆ ನೆಲೆ ಕೊಟ್ಟ ವಿಷಯದಲ್ಲೂ ಇದೇ ಎಚ್ಚರ ಬೇಕು. ಬೈಲಕುಪ್ಪೆಯ ಶಿಬಿರ ಶುರುವಾದದ್ದು 1960ರಲ್ಲಿ, ಆಗ ಮುಖ್ಯಮಂತ್ರಿ ಜತ್ತಿ. ಮುಂಡಗೋಡಿನದು 1966ರಲ್ಲಿ, ಆಗ ನಿಜಲಿಂಗಪ್ಪ. ದಲೈಲಾಮಾ ಅವರಿಗೆ ನಿಜಲಿಂಗಪ್ಪನವರ ಮೇಲೆ ವಿಶೇಷ ಕೃತಜ್ಞತೆ ಇದ್ದದ್ದು ನಿಜ. 2011ರಲ್ಲಿ ಚಿತ್ರದುರ್ಗದ ಬಳಿಯ ಸೀಬಾರದಲ್ಲಿ ನಿಜಲಿಂಗಪ್ಪನವರ ಸ್ಮಾರಕವನ್ನು ಉದ್ಘಾಟಿಸಿದವರು ದಲೈಲಾಮಾ ಅವರೇ. ಅಷ್ಟಕ್ಕೇ ಬೈಲಕುಪ್ಪೆಯ ಇಸವಿ ಬದಲಾಗುವುದಿಲ್ಲ.

ನನ್ನನ್ನು ಕೇಳಿದರೆ ಈ ಅವಧಿಯ ದೊಡ್ಡ ಕೆಲಸಕ್ಕೆ ಅಡಿಗಲ್ಲೂ ಇಲ್ಲ, ಫಲಕವೂ ಇಲ್ಲ. ಐದು ಆಡಳಿತಗಳಿಂದ ಬಂದ ನೌಕರರನ್ನು ಒಂದೇ ಸರ್ಕಾರಕ್ಕೆ ಸೇರಿಸಬೇಕಿತ್ತು. ಧಾರವಾಡದ ಗುಮಾಸ್ತ ಮುಂಬೈ ನಿಯಮದವನು, ಕಲಬುರ್ಗಿಯವನು ನಿಜಾಮನ ಪದ್ಧತಿಯಲ್ಲಿ ಪಳಗಿದವನು, ಪುತ್ತೂರಿನವನು ಮದ್ರಾಸಿನವನು. ಸಂಬಳದ ಶ್ರೇಣಿ ಬೇರೆ, ಹುದ್ದೆಯ ಹೆಸರು ಬೇರೆ, ಕಂದಾಯದ ಲೆಕ್ಕ ಬೇರೆ, ದಫ್ತರದ ಭಾಷೆಯೂ ಬೇರೆ. ಯಾರು ಯಾರಿಗಿಂತ ಹಿರಿಯರು ಎಂಬ ಜ್ಯೇಷ್ಠತಾ ಪಟ್ಟಿಯ ತಕರಾರು ವರ್ಷಗಟ್ಟಲೆ ಎಳೆಯಿತು. ಏಕೀಕರಣ ಎಂದರೆ ನಕ್ಷೆಯಲ್ಲಿ ಗೆರೆ ಅಳಿಸುವುದು ಎಂದುಕೊಂಡಿರುವ ಮಕ್ಕಳಿಗೆ ಇದನ್ನು ಹೇಳಲೇಬೇಕು.

ಇನ್ನೊಂದು ಸಂಗತಿ ಸಣ್ಣದು, ಆದರೆ ಬಿಡಬೇಡಿ. 1957ರಲ್ಲಿ ಅವರು ಗೆದ್ದದ್ದು ಮೊಳಕಾಲ್ಮೂರಿನಿಂದ. 1962ರಲ್ಲಿ ಹೊಸದುರ್ಗದಲ್ಲಿ ಸೋತರು. ರಾಜ್ಯದಲ್ಲಿ ಪಕ್ಷ ಗೆದ್ದು, ನಾಯಕರೇ ಸೋತ ಆ ಪರಿಸ್ಥಿತಿಯಲ್ಲಿ ಕಂಠಿಯವರು ಮೂರು ತಿಂಗಳು ಮುಖ್ಯಮಂತ್ರಿಯಾಗಿದ್ದು, ನಿಜಲಿಂಗಪ್ಪ ಬಾಗಲಕೋಟೆಯಿಂದ ಆರಿಸಿಬಂದ ಮೇಲೆ ಕುರ್ಚಿ ಬಿಟ್ಟುಕೊಟ್ಟರು. 1967ರಲ್ಲಿ ಅವರು ನಿಂತದ್ದು ಶಿಗ್ಗಾವಿಯಲ್ಲಿ. ತವರು ಜಿಲ್ಲೆಯಲ್ಲಿ ಸೋತವರನ್ನು ಕೈಹಿಡಿದದ್ದು ಹತ್ತು ವರ್ಷದ ಹಿಂದಷ್ಟೇ ಒಂದೇ ರಾಜ್ಯಕ್ಕೆ ಬಂದ ಉತ್ತರದ ಜಿಲ್ಲೆಗಳು. ಫಲಕದಲ್ಲಿ ಸೋಲನ್ನೂ ಬರೆಯಿರಿ.

ಇನ್ನು ಮುಖ್ಯೋಪಾಧ್ಯಾಯರ ಆಕ್ಷೇಪ. ಅವರ ಭಯ ನನಗೆ ಅರ್ಥವಾಗುತ್ತದೆ. ಗೋಡೆಯ ಮೇಲೆ ಇಂದಿರಾ ಗಾಂಧಿಯವರ ಹೆಸರು ಬಂದರೆ ಯಾರೋ ಬಂದು ತಕರಾರು ತೆಗೆಯಬಹುದು. ಆದರೆ 1969ನ್ನು ಕಿತ್ತುಹಾಕಿದರೆ, ಈ ಮನುಷ್ಯ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದು ಆಮೇಲೆ ಮೂವತ್ತು ವರ್ಷ ಅಧಿಕಾರದಿಂದ ದೂರ ಉಳಿದದ್ದೇಕೆ ಎಂಬುದಕ್ಕೆ ಉತ್ತರವೇ ಇರುವುದಿಲ್ಲ. ಹಾಗಾಗಿ ನಡೆದದ್ದನ್ನು ಮೊದಲು ನೆಟ್ಟಗೆ ಇಡೋಣ.

1968ರ ಜನವರಿಯ ಹೈದರಾಬಾದ್ ಅಧಿವೇಶನದ ಹೊತ್ತಿಗೆ ಅವರು ಕಾಂಗ್ರೆಸ್ ಅಧ್ಯಕ್ಷರು. ಮೇ ತಿಂಗಳಲ್ಲಿ ಮುಖ್ಯಮಂತ್ರಿ ಸ್ಥಾನವನ್ನು ವೀರೇಂದ್ರ ಪಾಟೀಲರಿಗೆ ಬಿಟ್ಟರು. 1969ರ ಏಪ್ರಿಲ್‌ನ ಫರೀದಾಬಾದ್ ಅಧಿವೇಶನದಲ್ಲೇ ಆರ್ಥಿಕ ನೀತಿಯ ಬಗ್ಗೆ ಅವರಿಗೂ ಪ್ರಧಾನಿ ಇಂದಿರಾ ಗಾಂಧಿಯವರಿಗೂ ಬಹಿರಂಗ ಭಿನ್ನಾಭಿಪ್ರಾಯ ಬಂತು. ಮೇನಲ್ಲಿ ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಜುಲೈಯಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನಮನೆಯಲ್ಲಿ ಎಐಸಿಸಿ (ಅಖಿಲ ಭಾರತ ಕಾಂಗ್ರೆಸ್ ಸಮಿತಿ) ಸೇರಿತು. ಆಗಲೇ ಪಕ್ಷದ ಸಂಸದೀಯ ಮಂಡಳಿ ನೀಲಂ ಸಂಜೀವ ರೆಡ್ಡಿಯವರನ್ನು ರಾಷ್ಟ್ರಪತಿ ಅಭ್ಯರ್ಥಿಯಾಗಿ ಆರಿಸಿತು, ಇಂದಿರಾ ಅವರ ಇಚ್ಛೆಗೆ ವಿರುದ್ಧವಾಗಿ. ಒಂದೇ ವಾರದಲ್ಲಿ ಮೊರಾರ್ಜಿ ದೇಸಾಯಿಯವರ ಕೈಯಿಂದ ಹಣಕಾಸು ಖಾತೆ ಹೋಯಿತು, ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣವಾದವು. ವಿ.ವಿ. ಗಿರಿ ಪಕ್ಷೇತರರಾಗಿ ಕಣಕ್ಕಿಳಿದರು.

ಮುಂದಿನದು ಮತ ಎಣಿಕೆಯ ಸೂಕ್ಷ್ಮ. ಇದನ್ನು ತಿಳಿಯದೆ ನಿಜಲಿಂಗಪ್ಪನವರ ನಡೆ ಅರ್ಥವಾಗುವುದಿಲ್ಲ. ರಾಷ್ಟ್ರಪತಿ ಚುನಾವಣೆಯಲ್ಲಿ ಮತದಾರರು 1, 2, 3 ಎಂದು ಪ್ರಾಶಸ್ತ್ಯ ಬರೆಯುತ್ತಾರೆ. ಮೊದಲ ಸುತ್ತಿನಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ ಕೊನೆಯವರನ್ನು ಕೈಬಿಟ್ಟು, ಅವರ ಮತಪತ್ರದ ಎರಡನೇ ಪ್ರಾಶಸ್ತ್ಯವನ್ನು ಉಳಿದವರಿಗೆ ಹಂಚುತ್ತಾರೆ. ಜನಸಂಘ ಮತ್ತು ಸ್ವತಂತ್ರ ಪಕ್ಷಗಳ ಅಭ್ಯರ್ಥಿ ಸಿ.ಡಿ. ದೇಶಮುಖ್ ಮೂರನೆಯವರಾಗುವುದು ಎಲ್ಲರಿಗೂ ಗೊತ್ತಿತ್ತು. ಅವರ ಎರಡನೇ ಪ್ರಾಶಸ್ತ್ಯ ರೆಡ್ಡಿಯವರಿಗೆ ಬರಲೆಂದು ನಿಜಲಿಂಗಪ್ಪ ಆ ಪಕ್ಷಗಳ ನಾಯಕರನ್ನು ಭೇಟಿಯಾದರು. ಲೆಕ್ಕಾಚಾರ ಸರಿಯಾಗಿತ್ತು, ರಾಜಕೀಯವಾಗಿ ದುಬಾರಿಯಾಯಿತು. ‘ಅಧ್ಯಕ್ಷರೇ ಬಲಪಂಥೀಯರ ಜೊತೆ ಕೈಜೋಡಿಸಿದ್ದಾರೆ’ ಎಂದು ಇಂದಿರಾ ಬಣ ಎತ್ತಾಡಿತು, ಸದಸ್ಯರು ಆತ್ಮಸಾಕ್ಷಿಯಂತೆ ಮತ ಹಾಕಲಿ ಎಂದು ಕೇಳಿತು. ಮೊದಲ ಸುತ್ತಿನಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖ್ ಅವರಿಗೆ 1,12,769 ಮತಮೌಲ್ಯ. ಎಲ್ಲ ಹಂಚಿಕೆ ಮುಗಿದಾಗ ಗಿರಿ 4,20,077, ರೆಡ್ಡಿ 4,05,427. ಸುಮಾರು 88 ಸಾವಿರದ ಅಂತರ 15 ಸಾವಿರಕ್ಕಿಂತ ಕೆಳಗಿಳಿಯಿತು. ನಿಜಲಿಂಗಪ್ಪ ಕೇಳಿದ ಎರಡನೇ ಪ್ರಾಶಸ್ತ್ಯಗಳು ಬಹುಪಾಲು ಬಂದಿದ್ದವು. ಸಾಲದೆ ಹೋದದ್ದು ಸ್ವಂತ ಪಕ್ಷದ ಮೊದಲ ಪ್ರಾಶಸ್ತ್ಯಗಳು. ಗಣಿತ ಶಿಕ್ಷಕರನ್ನು ಜೊತೆಗೆ ಕರೆದು ಈ ಎಣಿಕೆಯನ್ನು ಮಕ್ಕಳ ಕೈಯಲ್ಲಿ ಚೀಟಿ ಹಾಕಿಸಿ ಮಾಡಿ ತೋರಿಸಬಹುದು.

ಅಲ್ಲಿಂದ ಒಡಕು ಮುಚ್ಚಲಾಗಲಿಲ್ಲ. ಕಾರ್ಯಕಾರಿ ಸಮಿತಿಯಿಂದ ಇಂದಿರಾ ಪರವಾಗಿದ್ದ ಫಕ್ರುದ್ದೀನ್ ಅಲಿ ಅಹ್ಮದ್ ಮತ್ತು ಸಿ. ಸುಬ್ರಮಣ್ಯಂ ಅವರನ್ನು ನಿಜಲಿಂಗಪ್ಪ ಕೈಬಿಟ್ಟರು. ನವೆಂಬರ್ 1ರಂದು ಸಮಿತಿಯ ಸಭೆ ದೆಹಲಿಯಲ್ಲಿ ಎರಡು ಕಡೆ ನಡೆಯಿತು: ಒಂದು ಜಂತರ್ ಮಂತರ್ ರಸ್ತೆಯ ಪಕ್ಷದ ಕಚೇರಿಯಲ್ಲಿ, ಇನ್ನೊಂದು ಪ್ರಧಾನಿಯ ಮನೆಯಲ್ಲಿ. ಹದಿಮೂರು ವರ್ಷದ ಹಿಂದೆ ಅದೇ ದಿನ ಅವರು ಬೆಂಗಳೂರಿನಲ್ಲಿ ಒಂದಾದ ನಾಡಿನ ಅಧಿಕಾರ ವಹಿಸಿಕೊಂಡಿದ್ದರು. ನವೆಂಬರ್ 12ರಂದು ಇಂದಿರಾ ಗಾಂಧಿಯವರ ಉಚ್ಚಾಟನೆ.

‘ನಿಜಲಿಂಗಪ್ಪ ಉಚ್ಚಾಟಿಸಿದರು’ ಎಂಬುದು ಆಡುಮಾತಿಗೆ ಸರಿ, ಬರವಣಿಗೆಗೆ ಅಷ್ಟು ಸರಿಯಲ್ಲ. ನಿರ್ಣಯ ಅವರ ಅಧ್ಯಕ್ಷತೆಯ ಕಾರ್ಯಕಾರಿ ಸಮಿತಿಯದು. ‘ಹಠಮಾರಿತನದಿಂದ ಪಕ್ಷ ಒಡೆದರು’ ಎಂಬುದು ಒಂದು ಬಣದ ಮಾತು, ‘ಪ್ರಜಾಪ್ರಭುತ್ವ ಉಳಿಸಲು ಹೋರಾಡಿದರು’ ಎಂಬುದು ಇನ್ನೊಂದು ಬಣದ್ದು. ನನ್ನ ಅಭಿಪ್ರಾಯ ಹೇಳಬೇಕೆಂದರೆ, ಪಕ್ಷದ ನಿರ್ಣಯಕ್ಕೆ ಪ್ರಧಾನಿಯೂ ಬದ್ಧರಾಗಿರಬೇಕು ಎಂಬ ಅವರ ನಿಲುವು ಪ್ರಾಮಾಣಿಕವಾದದ್ದು. 1953ರಲ್ಲಿ ಹುಬ್ಬಳ್ಳಿಯ ಜನರ ಸಿಟ್ಟು ಎದುರಿಸಿಯೂ ಪಕ್ಷದ ಚೌಕಟ್ಟು ಮೀರದ ಅದೇ ಮನುಷ್ಯ ಇವರು. ಆದರೆ ಜನ ಯಾರ ಹಿಂದೆ ಇದ್ದಾರೆ ಎಂಬುದನ್ನು ಅವರು ತಪ್ಪಾಗಿ ಅಳೆದರು. 1971ರಲ್ಲಿ ಅವರ ಸಂಸ್ಥಾ ಕಾಂಗ್ರೆಸ್ಸು (ಪಕ್ಷ ಒಡೆದಾಗ ಇಂದಿರಾ ವಿರುದ್ಧ ನಿಂತ ಬಣ) ಜನಸಂಘ, ಸ್ವತಂತ್ರ ಪಕ್ಷಗಳ ಜೊತೆ ನಿಜಕ್ಕೂ ಮೈತ್ರಿ ಮಾಡಿಕೊಂಡಿತು. ಲೋಕಸಭೆಯಲ್ಲಿ ಬಂದದ್ದು 16 ಸ್ಥಾನ. ಅವರದೇ ಮೈಸೂರು ರಾಜ್ಯದ 27ಕ್ಕೆ 27 ಸ್ಥಾನವೂ ಇಂದಿರಾ ಪಾಲಾಯಿತು.

ನಿಮ್ಮ ಮುಂದಿರುವ ದಾರಿ ಮೂರು. 1968ಕ್ಕೇ ನಿಲ್ಲಿಸಬಹುದು. ಯಾರೂ ತಕರಾರು ತೆಗೆಯುವುದಿಲ್ಲ, ಆದರೆ ಮೊಬೈಲಿನಲ್ಲಿ ಹುಡುಕುವ ಹುಡುಗನಿಗೆ ಶಾಲೆ ಏನೋ ಮುಚ್ಚಿಟ್ಟಿದೆ ಎಂದು ಮರುದಿನವೇ ತಿಳಿಯುತ್ತದೆ. ಪೂರ್ತಿ ಕಥೆಯನ್ನು ಗೋಡೆಗೇ ಏರಿಸಬಹುದು, ಆಗ ಆರು ಅಡಿ ಫಲಕದಲ್ಲಿ ಅರ್ಧ ಇದೇ ತುಂಬಿಕೊಂಡು ತುರುವನೂರು ಮೂಲೆಗೆ ಬೀಳುತ್ತದೆ. ನಾನು ಹೇಳುವುದು ನಡುವಿನ ದಾರಿ: ಫಲಕದಲ್ಲಿ ವಿಶೇಷಣವಿಲ್ಲದ ಎರಡು ವಾಕ್ಯ, ಕಿರುಹೊತ್ತಿಗೆಯಲ್ಲಿ ನಾಲ್ಕು ಪುಟ. ಆ ಎರಡು ವಾಕ್ಯ ಹೀಗಿರಲಿ: ‘1968–69ರಲ್ಲಿ ಅಖಿಲ ಭಾರತ ಕಾಂಗ್ರೆಸ್ ಅಧ್ಯಕ್ಷರು. ರಾಷ್ಟ್ರಪತಿ ಚುನಾವಣೆಯ ಭಿನ್ನಮತದಿಂದ 1969ರಲ್ಲಿ ಪಕ್ಷ ಎರಡಾದಾಗ ಸಂಸ್ಥಾ ಕಾಂಗ್ರೆಸ್ಸಿನ ಜೊತೆ ಉಳಿದರು.’ ಇದನ್ನು ಮುಖ್ಯೋಪಾಧ್ಯಾಯರಿಗೆ ತೋರಿಸಿ. ಇದರಲ್ಲಿ ಯಾರನ್ನೂ ಹೊಗಳಿಲ್ಲ, ತೆಗಳಿಲ್ಲ. ಹೊತ್ತಿಗೆಯಲ್ಲಿ ಉಚ್ಚಾಟನೆಯ ದಿನಾಂಕ, ಮತ ಎಣಿಕೆ, ಎರಡೂ ಬಣದ ವಾದ ಬರಲಿ.

ಫಲಕದ ಒಟ್ಟು ಬರಹ 250 ಪದ ಮೀರದಿರಲಿ. ಅಚ್ಚಿಗೆ ಕೊಡುವ ಮುನ್ನ ಇಸವಿಗಳನ್ನು ಮಾತ್ರ ಬೇರೆ ಹಾಳೆಯಲ್ಲಿ ಬರೆಸಿ, ಬರೆಯದ ಇನ್ನೊಬ್ಬ ಮಗುವಿನಿಂದ ಒಂದೊಂದನ್ನೇ ತಾಳೆ ನೋಡಿಸಿ. ಫ್ಲೆಕ್ಸ್ ಅಂಗಡಿಯಲ್ಲಿ 1956 ಎಂಬುದು 1965 ಆಗುವುದು ತೀರಾ ಸಾಮಾನ್ಯ. ಮತ್ತೆ, ಆ ಹಿರಿಯರ ಮನೆಗೆ ಫಲಕದ ಕೆಲಸಕ್ಕೂ ಮೊದಲು ಹೋಗಿ. ಅವರ ಮಾತನ್ನು ಫೋನಿನಲ್ಲಿ ಮುದ್ರಿಸಿಕೊಳ್ಳಿ, ಟ್ರಂಕು ತೆರೆಸಿ, ಕಾಗದದ ಎರಡೂ ಬದಿಯ ಫೋಟೋ ತೆಗೆದುಕೊಳ್ಳಿ. ಜೈಲಿನ ಮೊಹರು, ಇನ್ನೊಬ್ಬರ ರುಜು ಹೆಚ್ಚಾಗಿ ಹಿಂಬದಿಯಲ್ಲೇ ಇರುತ್ತವೆ.